ಕೇಳಿಕೊಂಡು ಬರುವ ಹೆಸರು

ಜರ್ವಾನನಿಗೆ ದೋಣಿಯ ಹುಟ್ಟು ಹಾಕಲು ಕಲಿಸಿದವನು ನಾನು. ತೆಂಗಿನ ಗರಿಯಲ್ಲಿ ಹಕ್ಕಿ ಹೆಣೆದು ಪ್ರವಾಸಿಗರ ಕೈಗಿಡುವುದನ್ನು ಹೇಳಿಕೊಟ್ಟವನೂ ನಾನೇ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪೋರ್ಟ್ಸ್‌ಮತ್ ದಡದಲ್ಲಿ ಈಗ ಯಾರಿಗೂ ಅದು ನೆನಪಿಲ್ಲ.

ನಮ್ಮ ದ್ವೀಪದ ಇಂಡಿಯನ್ ನದಿಯಲ್ಲಿ ಇಂಜಿನ್ ಹಾಕುವಂತಿಲ್ಲ, ಹುಟ್ಟು ಹಾಕಿಯೇ ಹೋಗಬೇಕು. ದೋಣಿಗಳು ಸರದಿಯಲ್ಲಿ ನಿಲ್ಲುತ್ತವೆ. ಆದರೆ ಬಂದವರು ಯಾರದಾದರೂ ಹೆಸರು ಹಿಡಿದು ಕೇಳಿದರೆ ಸರದಿ ಲೆಕ್ಕಕ್ಕಿಲ್ಲ, ಅವನೇ ಹೋಗುತ್ತಾನೆ. ನಾಲ್ಕು ವರ್ಷದಿಂದ ಹಡಗಿನಿಂದ ಇಳಿದವರೆಲ್ಲ ಹಿಂದೆ ಬಂದುಹೋದವರು ಬರೆದಿದ್ದನ್ನು ಫೋನಿನಲ್ಲಿ ಓದಿಕೊಂಡು ಬಂದು ಕೇಳುವುದು ಜರ್ವಾನನನ್ನು. ಇಪ್ಪತ್ತಾರು ವರ್ಷ ಇದೇ ನೀರಿನಲ್ಲಿ ತೋಳು ಸವೆಸಿದ ಎಜಕೀಲನನ್ನು, ಅಂದರೆ ನನ್ನನ್ನು, ಒಬ್ಬರೂ ಕೇಳಿದ್ದಿಲ್ಲ. ಸಂಪಾದನೆಗೇನೂ ಕೊರತೆಯಿರಲಿಲ್ಲ. ಒಂದೇ ಒಂದು ಸಲ ಯಾರಾದರೂ ನನ್ನ ಹೆಸರು ಕೇಳಿಕೊಂಡು ಬರಬೇಕಿತ್ತು, ಅಷ್ಟೇ. ಅವನ ಹೆಸರು ಕಿವಿಗೆ ಬಿದ್ದಾಗಲೆಲ್ಲ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ನನ್ನ ಹೆಂಡತಿ ಮರ್ಲಿನ್ ಇದನ್ನು ಕೇಳಿ ನಕ್ಕಳು. "ಮೊಮ್ಮಕ್ಕಳಾದ್ರು, ಇನ್ನೂ ನಿಂಗೆ ಹೆಸರಿನ ಚಪಲ" ಎಂದಳು.

ಫೆಬ್ರವರಿಯ ಒಂದು ಬೆಳಿಗ್ಗೆ ಕೆನಡಾದ ವಯಸ್ಸಾದ ಗಂಡ ಹೆಂಡತಿ ಬಂದರು. ಜರ್ವಾನ್ ಆಗಷ್ಟೇ ಬೇರೆಯವರನ್ನು ಕೂರಿಸಿಕೊಂಡು ಹೋಗಿದ್ದ, ದಡದಲ್ಲಿ ನಾನೊಬ್ಬನೇ ಇದ್ದೆ. ಜನ ಹಾಕುವ ಫೋಟೋಗಳಲ್ಲಿ ಮರ, ಏಡಿ, ಕೊಕ್ಕರೆ ಇರುತ್ತವೆಯೇ ಹೊರತು ಹುಟ್ಟು ಹಾಕುವವನ ಮುಖ ಇರುವುದಿಲ್ಲ. ಆ ಹೆಂಗಸು ನನ್ನನ್ನು ನೋಡಿ, "ಜರ್ವಾನ್ ಅಂದ್ರೆ ನೀವೇನಾ?" ಎಂದಳು.

"ನಾನೇ" ಎಂದೆ. ಅದು ಹೇಗೆ ಬಾಯಿಂದ ಬಂತೋ ಕಾಣೆ.

ಅವತ್ತು ಹುಟ್ಟು ಹಾಕಿದಂತೆ ನಾನು ಯಾವತ್ತೂ ಹಾಕಿಲ್ಲ. ಜರ್ವಾನ್ ಅನ್ನಿಸಿಕೊಂಡ ಮೇಲೆ ಜರ್ವಾನನಿಗಿಂತ ಒಂದು ಕೈ ಮೇಲೇ ಆಗಬೇಕಿತ್ತು. ನೀರಿಗಿಳಿದ ಬೇರುಗಳ ನಡುವೆ ಮಲಗಿದ್ದ ಓತಿಯನ್ನು ತೋರಿಸಿದೆ, ಅಪ್ಪ ಇದೇ ದಾರಿಯಲ್ಲಿ ಬಾಳೆಗೊನೆ ಸಾಗಿಸುತ್ತಿದ್ದುದನ್ನು ಹೇಳಿದೆ. ಉಪ್ಪು ನೀರು ಮುಗಿದು ಸಿಹಿ ನೀರು ಸಿಗುವ ತಿರುವಿನಲ್ಲಿ ಅಮ್ಮ ಬಟ್ಟೆ ಒಗೆಯುತ್ತ ನಮ್ಮ ಕ್ರಿಯೋಲ್ ಭಾಷೆಯಲ್ಲಿ ಹಾಡುತ್ತಿದ್ದ ಹಾಡೊಂದಿತ್ತು. ಅವಳು ಸತ್ತ ಮೇಲೆ ಅದನ್ನು ಯಾರ ಮುಂದೆಯೂ ಹಾಡಿರಲಿಲ್ಲ. ಅವತ್ತು ಹಾಡಿದೆ. ಮುದುಕ ಹೆಂಡತಿಯ ಕೈ ಹಿಡಿದುಕೊಂಡ.

ದಡಕ್ಕೆ ಬಂದಾಗ ಆಕೆ ಕಣ್ಣೊರೆಸಿಕೊಂಡು, ಇದರ ಬಗ್ಗೆ ಬರೆಯುತ್ತೇನೆ, ಪೂರ್ತಿ ಹೆಸರು ಹೇಳಿ ಎಂದಳು. ಎಜಕೀಲ್ ಟೂಸೆನ್ ಎಂಬುದು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಎರಡು ಗಂಟೆ ಸುಳ್ಳುಗಾರನ ದೋಣಿಯಲ್ಲಿ ಕೂತಿದ್ದೆವೆಂದು ಅವರಿಗೆ ತಿಳಿಯುತ್ತಿತ್ತು. "ಜರ್ವಾನ್ ಪಾಸ್ಕಲ್" ಎಂದೆ.

ವಾರದ ಮೇಲೆ ಜರ್ವಾನ್ ಆ ಹೆಂಗಸು ಬರೆದಿದ್ದನ್ನು ತನ್ನ ಫೋನಿನಿಂದ ದಡದಲ್ಲಿ ಎಲ್ಲರೆದುರು ಓದಿದ. ಬಟ್ಟೆ ಒಗೆಯುತ್ತಿದ್ದ ಜರ್ವಾನನ ತಾಯಿ, ಅವಳ ಹಾಡು, ಎಲ್ಲ ಅದರಲ್ಲಿತ್ತು. ಅವನ ತಾಯಿ ಸ್ಕೂಲ್ ಟೀಚರು. ದಡವೆಲ್ಲ ಗೊಳ್ಳೆಂದಿತು.

"ಟೀಚರಮ್ಮ ಯಾವಾಗಪ್ಪಾ ನದೀಲಿ ಬಟ್ಟೆ ಒಗೆದಿದ್ದು?" ಎಂದು ಯಾರೋ ಕೇಳಿದರು.

ಜರ್ವಾನ್ ನಗಲಿಲ್ಲ. ಚಿಕ್ಕಂದಿನಲ್ಲಿ ಆ ತಿರುವಿನಲ್ಲಿ ಈಜುತ್ತಿದ್ದವನು, ಅಲ್ಲಿ ಯಾರು ಹಾಡುತ್ತಿದ್ದರೆಂದು ಅವನಿಗೆ ಗೊತ್ತು. ನನ್ನ ಕಡೆ ನೋಡಿದ. ನಾನು ತಲೆ ತಗ್ಗಿಸಿ, ನೀರಿಲ್ಲದ ದೋಣಿಯಿಂದ ನೀರು ಎತ್ತಿ ಚೆಲ್ಲುವವನಂತೆ ನಟಿಸಿದೆ. ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು. ಅವನು ಫೋನು ಜೇಬಿಗಿಟ್ಟು ಹೋದ.

ಮುಂದಿನ ಹಡಗಿನಿಂದ ಐದಾರು ಜನ ಬಂದರು. ಅದನ್ನು ಓದಿಯೇ ಬಂದವರು, ಆ ಹಾಡು ಕೇಳಬೇಕು, ಜರ್ವಾನ್ ಯಾರು ಎಂದರು. ಹೆಸರಂತೂ ಹೋಯಿತು, ಈಗ ಅಮ್ಮನ ಹಾಡೂ ಅವನ ಪಾಲಾಯಿತು ಎಂದುಕೊಂಡೆ.

ಜರ್ವಾನ್ ಎದ್ದು ನಿಂತ. "ಜರ್ವಾನ್ ನಾನೇ. ಆದ್ರೆ ನಂಗೆ ಆ ಹಾಡು ಬರಲ್ಲ" ಎಂದು ಅವರಿಗೆ ಹೇಳಿ, ನನ್ನತ್ತ ತಿರುಗಿ ನದಿಯ ಆಚೆ ದಡಕ್ಕೂ ಕೇಳುವಂತೆ ಕೂಗಿದ. "ಎಜಕೀಲಣ್ಣಾ, ಬಾ. ನಿನ್ನ ಕೇಳ್ಕೊಂಡು ಬಂದಿದಾರೆ."

ಇಪ್ಪತ್ತಾರು ವರ್ಷ ಕಾದ ಮಾತು ಅದು. ಅದನ್ನು ಕೂಗುವ ದೊಡ್ಡತನವೂ ಅವನ ಪಾಲಿಗೇ ಹೋಯಿತಲ್ಲ ಎಂದು ಹೊಟ್ಟೆ ಉರಿದುಕೊಳ್ಳುತ್ತಲೇ ನಾನು ದೋಣಿಯ ಹಗ್ಗ ಬಿಚ್ಚಿದೆ.