ನಕಾಶಿ ಇಡುವ ಜಾಗ

“ಸುಮ್ನ ನೆಕ್ಸ್ಟ್ ನೆಕ್ಸ್ಟ್ ಒತ್ಕೋಂತ ಹೋದ್ರ ಆತಲ್ರಿ ಮೇಡಂ?” ಎನ್ನುತ್ತ ರೆಹಾನ ಕುರ್ಚಿಯನ್ನು ಕಂಪ್ಯೂಟರಿನ ಮುಂದಕ್ಕೆ ಎಳೆದುಕೊಂಡ.

“ಹೂಂರಿ. ನಡುವ ಒಂದು ಪ್ರಶ್ನಿ ಕೇಳ್ತದ. ಅದಕ್ಕಷ್ಟ ಉತ್ತರಾ ಕೊಡ್ರಿ,” ಎಂದಳು ಸೌಮ್ಯಾ. ಸಹಜವಾಗಿ ಹೇಳಬೇಕೆಂದುಕೊಂಡಿದ್ದಳು.

ಗೋಕುಲ ರಸ್ತೆಯ ಹಿಂದಿನ ಓಣಿಯಲ್ಲಿದ್ದ ಆ ತಗಡಿನ ಶೆಡ್ಡಿನ ಇನ್ನೊಂದು ತುದಿಯಲ್ಲಿ ಕೆತ್ತುವ ಮಷೀನು ಕೂಗುತ್ತಿತ್ತು. ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಅರಫಾತ ಅದರ ಪಕ್ಕ ನಿಂತಿದ್ದ. ಹಾಸಿದ್ದ ಸಾಗವಾನಿ ಹಲಗೆಯಲ್ಲಿ ಕಮಲವೊಂದು ಒಂದೊಂದೇ ಎಸಳಾಗಿ ಮೇಲೇಳುತ್ತಿತ್ತು. ಅಣ್ಣತಮ್ಮಂದಿರ ನಡುವೆ, ಗೋಡೆಗೆ ಹಾಕಿದ ಬೆಂಚಿನ ಮೇಲೆ ಅವರ ತಂದೆ ಫಕ್ರುಸಾಬ ಕೂತಿದ್ದ. ಕೈ ನಡುಗಲು ಶುರುವಾದ ಮೇಲೆ ಅವನು ಉಳಿ ಮುಟ್ಟಿರಲಿಲ್ಲ.

“ಯವ್ವಾ, ಈ ಸಲ ನಂದಿ ನಂದೀನ ಇರ್ತೈತಿಲ್ಲೋ? ಹ್ವಾದ ಸಲ ಬಾಗಲಾ ಅಗಲ ಐತಿ ಅಂತ ಹಿಗ್ಗಿಸಿ ಹಿಗ್ಗಿಸಿ ಎಮ್ಮಿ ಮಾಡಿಟ್ಟಿದ್ದಿ,” ಎಂದ ಅವನು ಸೌಮ್ಯಾಳಿಗೆ.

“ಈ ಸಲ ಹಂಗಾಗೂದಿಲ್ಲ ಕಾಕಾ.”

“ನಿಮ್ಮೂರ ಗೌಡ್ರ ಮನೀಗೆ ಮಾಡಿದ್ದದು. ನೋಡಿದ್ರಂದ್ರ ಹಿಂಡಾಕ ಚರಗಿ ತರತಿದ್ರು!”

ಸೌಮ್ಯಾ ನಕ್ಕಳು. ರೆಹಾನ ನಗಲಿಲ್ಲ.

ಬಾಗಿಲಿನ ಅಳತೆ ಕೊಟ್ಟರೆ ಫಕ್ರುಸಾಬನ ನಕಾಶಿಗಳನ್ನು ಅದಕ್ಕೆ ಹೊಂದಿಸಿಕೊಡುವ ಪ್ರೋಗ್ರಾಮನ್ನು ಬರೆದವಳು ಅವಳೇ. ಕಮಲ, ನಂದಿ, ಜೋಡಿ ನವಿಲು, ಬಳ್ಳಿ ಎಲ್ಲವನ್ನೂ ಅವನು ಕಾಗದದ ಮೇಲೆ ಬರೆದಿಟ್ಟಿದ್ದ. ರೆಹಾನ ಒಂದೊಂದನ್ನೇ ಕಂಪ್ಯೂಟರಿಗೆ ಇಳಿಸಿದ್ದ. ಆಮೇಲೆ ಕಾಗದಗಳಿಗೆ ಗೆದ್ದಲು ಹತ್ತಿತು. ಉಳಿದದ್ದು ಕಂಪ್ಯೂಟರಿನಲ್ಲಿರುವುದಷ್ಟೇ. ಆಗ ಸೌಮ್ಯಾ ಪ್ರೋಗ್ರಾಮು, ನಕಾಶಿ ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿ ತಂದು ಹಾಕಿ ಹೋಗಿದ್ದಳು. ಎಲ್ಲಿಡಬೇಕೆಂಬ ಪ್ರಶ್ನೆ ಯಾರಿಗೂ ಬಂದಿರಲಿಲ್ಲ.

ಈಗ ಅಣ್ಣತಮ್ಮಂದಿರ ಮನೆ ಬೇರೆಯಾಗಿತ್ತು. ಶೆಡ್ಡು ಒಂದೇ, ಮಷೀನು ಒಂದೇ, ಗಿರಾಕಿಗಳು ಬೇರೆ ಬೇರೆ. ಮಧ್ಯಾಹ್ನದ ತನಕ ರೆಹಾನನ ಪಾಳಿ, ಆಮೇಲೆ ಅರಫಾತನದು. ಕಂಪ್ಯೂಟರ್ ಹಚ್ಚಿದರೆ ಎರಡು ಹೆಸರು ಕಾಣುತ್ತಿದ್ದವು, ಒಬ್ಬೊಬ್ಬರಿಗೆ ಒಂದು ಖಾತೆ. ಹೊಸ ಪ್ರೋಗ್ರಾಮನ್ನು ಸೌಮ್ಯಾ ಸರಿಯಾಗಿ ಕಟ್ಟಿ ತರಬೇಕಿತ್ತು. ಹಳೆಯ ಫೋಲ್ಡರನ್ನು ಅದು ಅಳಿಸಿಹಾಕುತ್ತದೆ. ಪ್ರೋಗ್ರಾಮು ಒಂದು ಕಡೆ ಕೂರುತ್ತದೆ, ನಕಾಶಿಗಳು ಇನ್ನೊಂದು ಕಡೆ. ಆ ಇನ್ನೊಂದು ಕಡೆ ಯಾವುದೆಂದು ಕಟ್ಟುವವರು ಹೇಳಬೇಕು. ಯಾರೇ ತೆರೆದರೂ ಕಾಣುವ ಜಾಗದಲ್ಲಿಡಬಹುದು, ಇಲ್ಲವೆ ಒಬ್ಬರ ಹೆಸರಿನೊಳಗೆ ಇಡಬಹುದು. ಹಾಗೆ ಇಟ್ಟರೆ ಇನ್ನೊಬ್ಬರಿಗೆ ಅದು ಇದೆಯೆಂಬುದೂ ತಿಳಿಯುವುದಿಲ್ಲ.

“ನನ್ನ ಹೆಸರಿನ್ಯಾಗ ಅಷ್ಟ ಇಡ್ರಿ,” ಎಂದು ರೆಹಾನ ಫೋನಿನಲ್ಲಿ ಹೇಳಿದ್ದ. “ಅವಂಗೇನೂ ಹೇಳಾಕ ಹೋಗಬ್ಯಾಡ್ರಿ. ತಾನ ಗೊತ್ತಾಕ್ಕೈತಿ.”

ಗೋಪನಕೊಪ್ಪದ ತನ್ನ ಕೋಣೆಯಲ್ಲಿ ಸೌಮ್ಯಾ ಆ ಮಾತನ್ನು ಬಹಳ ದಿನ ಹೊತ್ತುಕೊಂಡಿದ್ದಳು. ಅಮ್ಮಿನಬಾವಿಯಲ್ಲಿ ಅವಳ ಅಪ್ಪ ಸಿದ್ದಪ್ಪ ಮತ್ತು ಕಾಕಾ ಬೇರೆಯಾದಾಗಲೂ ಹೀಗೆಯೇ ಆಗಿತ್ತು. ಹಿರಿಯರು ಕಟ್ಟೆಯ ಮೇಲೆ ಪಿಸುದನಿಯಲ್ಲಿ ಮಾತಾಡಿ ಮುಗಿಸಿದ್ದರು. ಒಂದು ಮುಂಜಾನೆ ಅವಳು ಎದ್ದಾಗ ಅಂಗಳದಲ್ಲಿ ಇಟ್ಟಿಗೆ ಬಂದು ಬಿದ್ದಿದ್ದವು. ಬಾವಿಯೊಂದನ್ನು ಮಾತ್ರ ಸಾಮಾಯಿಕ, ಇಬ್ಬರಿಗೂ ಸೇರಿದ್ದು, ಎಂದು ಬಿಟ್ಟಿದ್ದರು. ಎರಡು ಮನೆಯವರೂ ಬೇರೆ ಬೇರೆ ಹೊತ್ತಿಗೆ ನೀರು ಸೇದುತ್ತಿದ್ದರು. ಹಗ್ಗ ಹಸಿಯಾಗಿದ್ದರೆ ಆಚೆ ಮನೆಯವರು ಬಂದುಹೋಗಿದ್ದಾರೆಂದು ಅರ್ಥ. ಅಪ್ಪನನ್ನು ಎಲ್ಲರೆದುರು ಯಾರಾದರೂ ಒಮ್ಮೆ ಕೇಳಿದ್ದರೆ, ಗೋಡೆ ಬೇಕು ಎನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ ಎಂದು ಅವಳು ಚಿಕ್ಕಂದಿನಿಂದ ನಂಬಿದ್ದಳು.

ಅದಕ್ಕೇ ಅವಳು ಪ್ರಶ್ನೆಯನ್ನು ಇಟ್ಟಳು. ಸಾಮಾನ್ಯವಾಗಿ ಅಂಥ ಪುಟದಲ್ಲಿ ಒಂದು ಉತ್ತರಕ್ಕೆ ಮೊದಲೇ ಗುರುತು ಹಾಕಿರುತ್ತಾರೆ. ಜನ ಓದದೆ ಮುಂದೆ ಹೋಗುತ್ತಾರೆ. ಅವಳು ಆ ಗುರುತನ್ನು ತೆಗೆದಳು. ಎರಡರಲ್ಲಿ ಒಂದನ್ನು ಆರಿಸುವ ತನಕ ಮುಂದಿನ ಗುಂಡಿ ಬೂದುಬಣ್ಣದಲ್ಲೇ ಇರುವಂತೆ ಮಾಡಿದಳು.

“ಮುಂದ ಹೋಗವಲ್ದಲ್ರಿ ಇದು,” ಎಂದ ರೆಹಾನ.

“ಒಂದು ಆರಿಸ್ಬೇಕ್ರಿ.”

ಅವನು ಓದಿದ. ತಿರುಗಿ ಅವಳನ್ನು ನೋಡಿದ. “ಫೋನಿನ್ಯಾಗ ಹೇಳಿದ್ನೆಲ್ರಿ?” ಎಂದ, ಸಣ್ಣ ದನಿಯಲ್ಲಿ.

“ಹೇಳಿದ್ರಿ. ಆದ್ರ ಅದನ್ನ ಒತ್ತಾವರು ನೀವ ಆಗ್ಬೇಕ್ರಿ, ರೆಹಾನಭಾಯಿ.”

ಅಷ್ಟರಲ್ಲಿ ಮಷೀನು ನಿಂತಿತು. ಎಡಗಡೆಯ ಕಮಲ ಮುಗಿದಿತ್ತು. ಬಲಗಡೆಯದಕ್ಕೆ ಕಂಪ್ಯೂಟರಿನಿಂದ ಮತ್ತೆ ನಕಾಶಿ ಒಯ್ಯಬೇಕಿತ್ತು. ಕೂಗು ನಿಂತ ಮೇಲೆ ಶೆಡ್ಡು ಇದ್ದದ್ದಕ್ಕಿಂತ ದೊಡ್ಡದಾಗಿ ಕಂಡಿತು.

“ಏನ್ ಕೇಳಾಕತ್ತೈತೋ ಅದು?” ಎಂದ ಫಕ್ರುಸಾಬ. “ಜ್ವಾರಾಗಿ ಓದು. ನನಗ ಕಾಣವಲ್ದು.”

ರೆಹಾನ ಓದಿದ. “ನಕಾಶಿಗಳು ಯಾರಿಗೆ ಕಾಣಬೇಕು? ಈ ಕಂಪ್ಯೂಟರ್ ಬಳಸುವ ಎಲ್ಲರಿಗೂ...” ಅಲ್ಲಿಗೆ ನಿಲ್ಲಿಸಿದ.

“ನನಗೆ ಮಾತ್ರ,” ಎಂದು ಹಿಂದಿನಿಂದ ಅರಫಾತ ಓದಿ ಮುಗಿಸಿದ. ಅವನು ಯಾವಾಗ ಬಂದು ನಿಂತನೋ ಯಾರೂ ನೋಡಿರಲಿಲ್ಲ. ಕರವಸ್ತ್ರವನ್ನು ಕೊರಳಿಗೆ ಇಳಿಸಿಕೊಂಡ. “ಒತ್ತು ಭಾಯಿ. ಮೇಡಂ ಎಷ್ಟೊತ್ತು ಕಾಯಬೇಕು?”

“ಕಣ್ಣ ಕಳಕೊಂಡು ಒಂದೊಂದ ಗೆರಿ ಎಳದಾಂವ ನಾನು,” ಎಂದ ರೆಹಾನ, ಪರದೆಯ ಕಡೆಗೇ ಮುಖ ಮಾಡಿ.

“ಇಲ್ಲಂದಾವ್ರು ಯಾರು?”

“ಗಿರಾಕಿ ಮುಂದ ಎಲ್ಲಾ ನನ್ವ ಅಂತೀಯಲ್ಲ?”

“ಅಬ್ಬಾನ್ವು ಅಂತೇನಿ. ನಿನ್ವು ಅನ್ನಂಗಿಲ್ಲ, ಅಷ್ಟ.”

ಇಬ್ಬರೂ ಬೆಂಚಿನ ಮೇಲಿದ್ದ ತಂದೆಯ ಕಡೆ ನೋಡಿದರು. ಸೌಮ್ಯಾಳೂ ನೋಡಿದಳು. ಮುದುಕ ಈಗ ಏನಾದರೂ ಅನ್ನುತ್ತಾನೆ, ಅಂದರೆ ಮುಗಿಯಿತು ಎಂದು ಕಾದಳು. ಫಕ್ರುಸಾಬ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ. “ನನ್ನ ಯಾಕ ನೋಡ್ತೀರಿ? ಅದು ಕೇಳಿದ್ದು ರೆಹಾನಗ,” ಎಂದ.

ರೆಹಾನ ಎರಡನೆಯದನ್ನು ಒತ್ತಿದ.

ಬೂದು ಗುಂಡಿ ನೀಲಿಯಾಯಿತು. ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ ಹರಿಯತೊಡಗಿತು. ಸೌಮ್ಯಾ ಅದನ್ನೇ ನೋಡುತ್ತ ನಿಂತಳು. ನಿಲ್ಲಿಸ್ರಿ ಎನ್ನಬಹುದಿತ್ತು. ಅವಳು ಕಟ್ಟಿದ್ದು ಎಲ್ಲಿಯೂ ತಪ್ಪದೆ, ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿತ್ತು.

“ಆತೇನ್ರಿ?”

“ಆತ್ರಿ.”

ರೆಹಾನ ಎದ್ದ. ಅರಫಾತ ಕೈ ಒರೆಸಿಕೊಂಡು, ಇನ್ನೂ ಬೆಚ್ಚಗಿದ್ದ ಕುರ್ಚಿಯಲ್ಲಿ ಕೂತು ತನ್ನ ಹೆಸರಿನ ಮೇಲೆ ಒತ್ತಿದ. ಪ್ರೋಗ್ರಾಮು ತೆರೆಯಿತು. ನಕಾಶಿಗಳಿರಬೇಕಾದ ಕಡೆ ಬರೀ ಬಿಳಿ. ಕೆಳಗೆ ಸರಿಸಿದ, ಮೇಲೆ ಸರಿಸಿದ. ಆಮೇಲೆ ಮರದ ಹೊಟ್ಟು ಬೀಳದ ಹಾಗೆ ಕಂಪ್ಯೂಟರಿಗೆ ಹಳೆಯ ಚಾದರ ಹೊದಿಸಿ, ಅಣ್ಣನ ಕಡೆ ನೋಡದೆ ಹಲಗೆಯ ಹತ್ತಿರ ಹೋದ.

“ಕಾಕಾ, ನಾ ತಿಳ್ಕೊಂಡಿದ್ದು...” ಎಂದು ಸೌಮ್ಯಾ ಶುರುಮಾಡಿದಳು.

“ಕೇಳಿದ್ದು ಛಲೋ ಆತು ಯವ್ವಾ,” ಎಂದ ಫಕ್ರುಸಾಬ. ಆ ದನಿಯಲ್ಲಿ ಏನಿತ್ತೆಂದು ಅವಳಿಗೆ ತಿಳಿಯಲಿಲ್ಲ.

ಅವನು ಗೋಡೆ ಹಿಡಿದುಕೊಂಡು ಎದ್ದ. ಹಲಗೆಯ ತನಕ ನಡೆದು, ಅರಫಾತನ ಕಿವಿಯ ಮೇಲಿದ್ದ ಪೆನ್ಸಿಲ್ಲನ್ನು ಕೇಳದೆ ತೆಗೆದುಕೊಂಡ. ಎಡಗಡೆಯ ಕಮಲದ ಮೇಲೆ ಅಂಗೈ ಆಡಿಸಿದ. ಬಲಗಡೆ ಬರೀ ಕಟ್ಟಿಗೆ. ಅರಫಾತ ಕೈವಾರ ಊರಿ ಹಿಡಿದ. ಮುದುಕ ಎಸಳೊಂದನ್ನು ಎಳೆದ. ಗೆರೆ ಅರ್ಧದ ತನಕ ಬಂದು ಪಕ್ಕಕ್ಕೆ ಜಾರಿತು. ಹೆಬ್ಬೆರಳಿನಿಂದ ಉಜ್ಜಿ ಮತ್ತೆ ಎಳೆದ. ಹೊರಗೆ ಮೋಡ ಕವಿದು ತಗಡಿನ ಕೆಳಗೆ ಮಬ್ಬಾಗಿತ್ತು. ಅವನ ಮೂಗು ಹಲಗೆಗೆ ತಾಗುವಷ್ಟು ಕೆಳಗಿತ್ತು.

ರೆಹಾನ ಹೆಲ್ಮೆಟ್ ಕೈಯಲ್ಲಿ ಹಿಡಿದು ಬಾಗಿಲ ತನಕ ಹೋಗಿದ್ದ. ಅಲ್ಲೇ ನಿಂತ. ಸ್ವಲ್ಪ ಹೊತ್ತಿನ ಮೇಲೆ ಗೋಡೆಯ ಸ್ವಿಚ್ಚಿನ ಕಡೆ ಕೈ ಚಾಚಿದ. ಹಲಗೆಯ ಮೇಲಿನ ಟ್ಯೂಬ್‌ಲೈಟು ಮಿಣುಕಿ ಮಿಣುಕಿ ಹತ್ತಿಕೊಂಡಿತು.

ಯಾರೂ ತಿರುಗಿ ನೋಡಲಿಲ್ಲ. ಫಕ್ರುಸಾಬ ತಲೆ ಎತ್ತದೆ ಎರಡನೆಯ ಎಸಳಿಗೆ ಪೆನ್ಸಿಲ್ಲು ಹಚ್ಚಿದ.