ಬಿಳಿ ವಾರಗಳು

ನಮ್ಮಜ್ಜಿಯ ಕಥೆಗಳಲ್ಲಿ ರಾಜಕುಮಾರನಿಗೆ ಮೂರು ಕೆಲಸ ಇದ್ದೇ ಇರುತ್ತಿದ್ದವು. ನೀರು ದಾಟಬೇಕು, ಕುದುರೆಯೇರಿ ಬಯಲು ದಾಟಬೇಕು, ಕುದುರೆ ಸೋತ ಮೇಲೆ ತನ್ನ ಕಾಲಿನಿಂದಲೇ ಕಾಡು ದಾಟಬೇಕು. ಹಾಗಾಗಿ ಅಕ್ಕ ಟ್ರಯಾಥ್ಲಾನ್‌ಗೆ ಹೆಸರು ಕೊಟ್ಟು ಬಂದಾಗ, ಕೆರೆ ಈಜಿ, ಸೈಕಲ್ ತುಳಿದು, ಆಮೇಲೆ ಹೊತ್ತು ಮುಳುಗುವವರೆಗೆ ಓಡುವ ಆ ಪಂದ್ಯ ನನಗೇನೂ ಹೊಸದು ಅನ್ನಿಸಲಿಲ್ಲ. ಕುದುರೆ ಹೋಗಿ ಸೈಕಲ್ ಬಂದಿತ್ತು, ಅಷ್ಟೇ.

ಅಕ್ಕ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಭಾವ ಈಜುಕೊಳದಲ್ಲಿ ಕೋಚ್. ಅವರ ಮನೆಯ ಹಿಂದಿನ ಕೋಣೆ ನನ್ನದು. ಭಾವ ಎಲ್ಲಿಂದಲೋ ಒಂದು ಹಳೆಯ ಕರಿಹಲಗೆ ತಂದು ಅಡುಗೆಮನೆಯ ಗೋಡೆಗೆ ಒರಗಿಸಿ, ಪಂದ್ಯದ ದಿನದವರೆಗಿನ ತಿಂಗಳುಗಳನ್ನೆಲ್ಲ ಅದರ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಹರಡಿದ್ದರು. ಮೊದಲು ಹಸಿರು, ಅದು ತಳಪಾಯ: ನಿಧಾನಕ್ಕೆ, ಬಹಳ ಹೊತ್ತು. ಆಮೇಲೆ ಹಳದಿ, ಭಾರ ಏರಿಸುವ ಹಂತ. ಕೆಂಪು ಬಂದರೆ ಪಂದ್ಯದ ವೇಗದಲ್ಲೇ ತಾಲೀಮು. ಕೊನೆಗೆ ನೀಲಿ, ಎಲ್ಲವನ್ನೂ ಇಳಿಸುತ್ತ ಬರುವುದು. ಈ ಬಣ್ಣಗಳ ನಡುನಡುವೆ, ಮೂರು ವಾರಕ್ಕೊಮ್ಮೆ, ಒಂದೊಂದು ಬಿಳಿ ವಾರ.

"ಬಿಳಿ ವಾರ ಏನ್ ಮಾಡ್ಬೇಕು?" ನಾನು ಕೇಳಿದ್ದೆ.

"ಏನೂ ಮಾಡ್ಬಾರ್ದು," ಅಂದರು ಭಾವ. "ಸ್ವಲ್ಪ ಈಜು, ಚೂರು ನಡಿಗೆ, ಕಣ್ತುಂಬ ನಿದ್ದೆ. ಬಲ ಬರೋದು ಓಡುವಾಗಲ್ಲ ಕಣಮ್ಮ. ಓಡಿದ್ರೆ ಮೈ ಒಡಿಯತ್ತೆ. ಮಲಗಿದಾಗ ಕೂಡ್ಕೊಳತ್ತೆ."

"ಹಾಗಾದ್ರೆ ಪಂದ್ಯಕ್ಕೆ ನಿನ್ನನ್ನೇ ಕಳಿಸ್ಬೇಕಿತ್ತು ಕಣೇ," ಅಂದಳು ಅಕ್ಕ ನನಗೆ. "ನಿಂದು ಹುಟ್ಟಿದಾಗಿಂದ ಬಿಳಿ ವಾರವೇ."

ನಾನು ನಕ್ಕೆ. ಅಜ್ಜಿಯ ರಾಜಕುಮಾರನೂ ದಾರಿ ಮಧ್ಯೆ ಒಂದು ಮರದ ಕೆಳಗೆ ಮಲಗುತ್ತಿದ್ದ. "ಅಯ್ಯೋ, ಯಾಕೆ ಮಲಗ್ದ? ರಾಕ್ಷಸ ಬರ್ತಾನೆ!" ಎಂದು ನಾವು ಕೂಗಿದರೆ ಅಜ್ಜಿ ಕಥೆಯನ್ನು ಇನ್ನಷ್ಟು ನಿಧಾನ ಮಾಡುತ್ತಿದ್ದಳು. ಅವನು ಮಲಗಿದರೇ ಮರದ ಮೇಲಿನ ಜೋಡಿಹಕ್ಕಿಗಳು ಮಾತಾಡುತ್ತಿದ್ದವು. ಮುಂದಿನ ದಾರಿ ಗೊತ್ತಾಗುತ್ತಿದ್ದುದೇ ಆ ಮಾತಿನಿಂದ. ಆ ಭಾಗ ಬಂದಾಗಲೆಲ್ಲ ಅಕ್ಕ ಎದ್ದು ಹೋಗಿ ನೀರು ಕುಡಿದು ಬರುತ್ತಿದ್ದಳು.

ಹಸಿರು ಮುಗಿದು ಹಳದಿ ಬಂತು. ಅಕ್ಕನ ಕೈಗಡಿಯಾರ ಅವಳ ಓಟ, ನಡಿಗೆ, ನಿದ್ದೆ ಎಲ್ಲವನ್ನೂ ಭಾವನ ಫೋನಿಗೆ ಕಳಿಸುತ್ತಿತ್ತು. ಅವರು ಚಹಾ ಆರಿಸಿಕೊಂಡು ಅದನ್ನೇ ನೋಡುತ್ತಿದ್ದರು. "ಬಿಳಿ ವಾರ ಎಷ್ಟು ಚೊಕ್ಕವಾಗಿ ಪಾಲಿಸಿದ್ದಾಳೆ ನೋಡು! ಇನ್ನೂ ಸ್ವಲ್ಪ ಭಾರ ತಡಿತಾಳೆ," ಎಂದು ಹಿಗ್ಗಿ ಹಳದಿಯನ್ನು ದಪ್ಪ ಮಾಡುತ್ತಿದ್ದರು. ಒಳ್ಳೇ ವಿಶ್ರಾಂತಿ ಸಿಕ್ಕ ಮೈಗೆ ಎಷ್ಟು ಹೇರಬಹುದೋ ಅಷ್ಟು ಹೇರಿದರು.

ಕೆಂಪಿನ ನಡುವೆ ಅಕ್ಕ ಮೆಟ್ಟಿಲನ್ನು ಪಕ್ಕಕ್ಕೆ ತಿರುಗಿ ಇಳಿಯತೊಡಗಿದಳು. ಕೇಳಿದರೆ, "ಏನಿಲ್ಲ, ಸ್ನಾಯು ಹಿಡ್ಕೊಂಡಿದೆ." ಒಂದು ದಿನ ಕೆಲಸ ಮುಗಿದ ಮೇಲೆ ತನ್ನ ಕಾಲನ್ನೇ ಯಂತ್ರದ ಕೆಳಗಿಟ್ಟಳು. ಗುಂಡಿ ಒತ್ತಿದ್ದು ಅವಳ ಜೊತೆಗಾತಿ. ದಿನವೂ ಊರಿನವರ ಮೂಳೆ ನೋಡುವವಳಿಗೆ ಡಾಕ್ಟರು ಬಂದು ಹೇಳಬೇಕಾಗಿರಲಿಲ್ಲ. ಮೊಣಕಾಲ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಇತ್ತು.

ಆ ವರ್ಷದ ಪಂದ್ಯ ಅವಳಿಲ್ಲದೆ ನಡೆದುಹೋಯಿತು.

ಅಕ್ಕ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಳು. ಭಾವ ಹಲಗೆಯ ಮುಂದೆ ನಿಂತರು. ಬೆಳಿಗ್ಗೆ ಹಲ್ಲುಜ್ಜುತ್ತ, ಸಂಜೆ ಒದ್ದೆ ಟವೆಲ್ ಹೆಗಲಿಗೆ ಹಾಕಿಕೊಂಡು, ಒಂದೊಂದು ಬಣ್ಣದ ಮೇಲೂ ಬೆರಳಾಡಿಸಿ ತಪ್ಪು ಹುಡುಕುತ್ತಿದ್ದರು. "ಇಲ್ಲಿ ಜಾಸ್ತಿ ಮಾಡಿದ್ನಾ? ಇಲ್ಲ, ಇಲ್ಲಿರ್ಬೇಕು." ಅಕ್ಕ ತಲೆಯೆತ್ತುತ್ತಿರಲಿಲ್ಲ. "ಬಿಡ್ರೀ, ಆಗಿದ್ದಾಯ್ತು," ಅನ್ನುತ್ತಿದ್ದಳು. ಪಾಪ, ಭಾವನನ್ನು ಸಮಾಧಾನ ಮಾಡುತ್ತಿದ್ದಾಳೆ ಅಂದುಕೊಂಡಿದ್ದೆ ನಾನು.

ಒಂದು ಭಾನುವಾರ ನಮ್ಮ ಬೀದಿಯ ಬೇಕರಿಯಾಕೆ ಬಂದರು. ಮಧ್ಯವಯಸ್ಸಿನ, ಗಟ್ಟಿ ದನಿಯ ಹೆಂಗಸು. ಭಾವನ ಹತ್ತಿರವೇ ಈಜು ಕಲಿತವರು.

"ಮುಂದಿನ ವರ್ಷ ನಾನೂ ಆ ಪಂದ್ಯಕ್ಕೆ ಹೋಗ್ತೀನಿ ಸಾರ್. ನಗ್ಬೇಡಿ. ನಂಗೂ ಹಿಂಗೇ ಬಣ್ಣ ಬಣ್ಣದ್ದು ಒಂದು ಬರೆದುಕೊಡಿ."

ಭಾವ ನಗಲಿಲ್ಲ. "ಬೇರೆ ಯಾರನ್ನಾದ್ರೂ ಕೇಳಿ ಅಮ್ಮ. ನಾನಿನ್ನು ಯಾರಿಗೂ ಬರೆದುಕೊಡಲ್ಲ. ಈಜು ಕಲಿಸ್ತೀನಿ, ಅಷ್ಟೇ."

"ಯಾಕ್ ಸಾರ್?"

"ನನ್ನ ಲೆಕ್ಕ ನಂಬಿದ್ದಕ್ಕೆ ಏನಾಯ್ತು, ಅಲ್ಲೇ ಕೂತಿದೆಯಲ್ಲ, ನೋಡಿ." ಅವರು ಅಕ್ಕನ ಕಾಲಿನ ಕಡೆ ಕೈ ತೋರಿಸಿದರು.

ಬೇಕರಿಯಾಕೆ ತಂದಿದ್ದ ಬ್ರೆಡ್ಡನ್ನು ಮೇಜಿನ ಮೇಲಿಟ್ಟು ಹೊರಟರು. ಬಾಗಿಲು ಮುಚ್ಚಿತು. ಅಕ್ಕ ಬ್ರೆಡ್ಡಿನ ಕಾಗದವನ್ನು ಬಿಚ್ಚುತ್ತ, ಮತ್ತೆ ಸುತ್ತುತ್ತ ಕೂತಿದ್ದಳು.

"ರೀ, ನಾನು ಬಿಳಿ ವಾರ ಓಡ್ತಿದ್ದೆ."

ಭಾವ ಅರ್ಥವಾಗದೆ ನೋಡಿದರು.

"ಬೆಳಿಗ್ಗೆ ನೀವು ಕೊಳದ ಬಾಗಿಲು ತೆಗಿಯೋಕೆ ಹೋದ್ಮೇಲೆ. ಗಡಿಯಾರ ಬಿಚ್ಚಿ ದಿಂಬಿನ ಹತ್ರ ಇಟ್ಟು ಹೋಗ್ತಿದ್ದೆ."

"ಯಾವ ವಾರ?"

"ಎಲ್ಲಾ ವಾರಾನೂ." ಅವಳ ದನಿ ಸಣ್ಣದಾಯಿತು. "ಸುಮ್ನೆ ಮಲಗಿದ್ರೆ ಗಳಿಸಿದ್ದೆಲ್ಲಾ ಸೋರಿಹೋಗ್ತಿದೆ ಅನ್ನಿಸೋದು. ಎದೆ ಡವಡವ ಅನ್ನೋದು. ಓಡಿ ಬಂದ್ರೆ ಸಮಾಧಾನ. ಮೊದಲ್ನೇ ಸಲಾನೇ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀವು ಫೋನ್ ಹಿಡ್ಕೊಂಡು ಕುಣೀತಾ ಬಂದ್ರಿ, ಎಷ್ಟು ಚೊಕ್ಕವಾಗಿ ಪಾಲಿಸಿದ್ದೀಯ ಅಂತ."

ಭಾವ ಕುರ್ಚಿ ಎಳೆದು ಕೂತರು. ಹಲಗೆಯನ್ನು ನೋಡಿದರು, ಅವಳನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡು ನಾನು ನಿಂತಲ್ಲೇ ನಿಂತಿದ್ದೆ.

"ಇಷ್ಟು ದಿನ ನಾನಲ್ಲಿ ನಿಂತು ತಪ್ಪು ಹುಡುಕ್ತಿದ್ನಲ್ಲ," ಅಂದರು ಕೊನೆಗೆ. "ನೀನು ಅದನ್ನೂ ನೋಡ್ತಾ ಕೂತಿದ್ದೆ."

ಓಡಿದ್ದಕ್ಕಿಂತ ಹಾಗೆ ಸುಮ್ಮನೆ ಕೂತಿದ್ದೇ ದೊಡ್ಡ ತಪ್ಪು ಎಂದು ಅಕ್ಕನಿಗೂ ಆಗಲೇ ಹೊಳೆದಿರಬೇಕು. ಬ್ರೆಡ್ಡಿನ ಕಾಗದ ಅವಳ ಕೈಯಲ್ಲಿ ಮುದ್ದೆಯಾಗಿತ್ತು.

ಮರುದಿನ ಭಾವ ಒದ್ದೆ ಬಟ್ಟೆ ತಂದು ಹಲಗೆ ಒರೆಸಿದರು. ಬಣ್ಣಗಳೆಲ್ಲ ಸೇರಿ ಬೂದಿಯಂಥ ನೀರಾಗಿ ನೆಲಕ್ಕೆ ಇಳಿದವು. ಆಮೇಲೆ ಬೇಕರಿಯಾಕೆಗೆ ಫೋನ್ ಮಾಡಿ ಬರಲು ಹೇಳಿದರು. ಈ ಸಲ ಮೊದಲು ಬಿಳಿ ವಾರಗಳನ್ನೇ ಬರೆದರು. ಉಳಿದ ಬಣ್ಣಗಳು ಅವುಗಳ ನಡುವೆ ಆಮೇಲೆ ಬಂದವು.

ಅಕ್ಕ ಊರುಗೋಲಿಗೆ ಆನಿಕೊಂಡು ನೋಡುತ್ತಿದ್ದಳು. "ಕಾಲು ಸರಿಹೋದ್ಮೇಲೆ ನಂಗೂ ಒಂದು ಬರೆದುಕೊಡ್ತೀರಾ?"

"ನಿಂದು ನೀನೇ ಬರ್ಕೋ," ಅಂದರು ಭಾವ. ಸೀಮೆಸುಣ್ಣದ ಡಬ್ಬಿಯನ್ನೂ ಅವಳ ಕಡೆ ಸರಿಸಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅಕ್ಕ ಅದಕ್ಕಾದರೂ ಏನಾದರೂ ಹೇಳುತ್ತಿದ್ದಳು.

ಈಗ ಅವಳು ಗಡಿಯಾರವನ್ನು ಸ್ನಾನಕ್ಕೂ ಬಿಚ್ಚುವುದಿಲ್ಲ. ಅವಳು ಮಲಗಿದ್ದು, ಎದ್ದದ್ದು, ಊರುಗೋಲು ಹಿಡಿದು ಅಡುಗೆಮನೆಯವರೆಗೆ ಹೋಗಿಬಂದದ್ದು ಎಲ್ಲವೂ ಭಾವನ ಫೋನಿಗೆ ಹೋಗುತ್ತಲೇ ಇರುತ್ತದೆ. ಅವರು ಅದನ್ನು ತೆರೆದು ನೋಡಿದ್ದನ್ನು ನಾನಂತೂ ಕಂಡಿಲ್ಲ.