ಆ ದೃಶ್ಯ ಇಲ್ಲವೆಂದವರು

ಚಿತ್ರ ಮುಗಿದು ದೀಪ ಹೊತ್ತಿಕೊಳ್ಳುವಷ್ಟರಲ್ಲಿ ಅವರು ಎದ್ದು ನಿಂತಿರುತ್ತಿದ್ದರು. ಅತ್ತವರಿಗೆ ಕಣ್ಣೊರೆಸಿಕೊಳ್ಳಲೂ ಪುರಸೊತ್ತು ಕೊಡದೆ, ಅತ್ತದ್ದು ಏಕೆಂಬುದನ್ನು ವಿವರಿಸತೊಡಗುತ್ತಿದ್ದರು. ನಮ್ಮ ಚಿತ್ರಸಮಾಜದಲ್ಲಿ ಅವರ ಹೆಸರು ‘ಭಾಷ್ಯಕಾರರು’. ಎದುರಿಗೆ ಗೌರವದಿಂದ, ಬೆನ್ನ ಹಿಂದೆ ತುಸು ನಗೆಯಿಂದ. ಬೇಸಿಗೆಯ ಧಗೆಯಲ್ಲೂ ಕತ್ತಿನವರೆಗೆ ಗುಂಡಿ ಹಾಕಿದ ಕಂದು ಕೋಟು, ತುಂಬಿದ ಕೊಡ ಹೊತ್ತವರಂತೆ ಅಳೆದು ತೂಗಿ ಇಡುವ ಹೆಜ್ಜೆ, ಮಾತಿಗೆ ಮುನ್ನ ಒಂದು ಕೆಮ್ಮು, ಆಮೇಲೆ, “ಇಲ್ಲಿ ಗಮನಿಸಬೇಕಾದದ್ದು ಏನಪ್ಪಾ ಅಂದ್ರೆ...” ಈ ಪೀಠಿಕೆ ಕಿವಿಗೆ ಬಿದ್ದದ್ದೇ ತಡ, ಹಿಂದಿನ ಸಾಲಿನ ಚೇಷ್ಟೆಗಾರರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಆದರೂ ಒಬ್ಬರೂ ಎದ್ದು ಹೋಗುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಹೇಳುತ್ತಿದ್ದರು, ಮಹಾರಾಯರು.

ಪ್ರತಿ ಪ್ರದರ್ಶನಕ್ಕೂ ತಂಗಿ ಜೊತೆಗೆ ಬರುತ್ತಿದ್ದರು. ಮನೆಯಲ್ಲಿ ಇದ್ದದ್ದು ಅಣ್ಣ ತಂಗಿ ಇಬ್ಬರೇ. ಪ್ರಾಯದ ದಿನಗಳಲ್ಲಿ, ಹಾಸಿಗೆ ಹಿಡಿದ ತಂದೆಯನ್ನು ನೋಡಿಕೊಳ್ಳುವ ಸರದಿ ಒಂದು ಮಧ್ಯಾಹ್ನ ಈಕೆಯದಾಗಿತ್ತಂತೆ. ಈಕೆ ಅದನ್ನು ಮರೆತು ಗೆಳತಿಯ ಮನೆಗೆ ಹೋದಾಗ ಆ ಹಿರಿಯರು ನೀರಿಗೆಂದು ತಾವೇ ಏಳಹೋಗಿ, ಬಿದ್ದು, ಪ್ರಾಣಬಿಟ್ಟರಂತೆ. ಅಂದಿನಿಂದ ನೆಂಟರಿಷ್ಟರಲ್ಲಿ ಯಾರು ಮಲಗಿದರೂ ತಲೆದೆಸೆಯಲ್ಲಿ ಈಕೆ ಹಾಜರು. ಬಂದ ಸಂಬಂಧಗಳನ್ನೆಲ್ಲ ಬೇಡವೆಂದು ಕಳಿಸಿಬಿಟ್ಟರು. ಒಮ್ಮೆ ಕುರ್ಚಿ ಜೋಡಿಸುತ್ತಾ ನನ್ನೊಡನೆ ಹೇಳಿದ್ದರು: “ನನ್ನ ಸರದಿ ಮಾರನೇ ದಿನ ಅಂತಲೇ ನೆನಪು. ಆದ್ರೆ ಅಣ್ಣ ಯಾಕೆ ಸುಳ್ಳು ಹೇಳ್ತಾನೆ? ನಾನೇ ಮರ್ತಿರ್ಬೇಕು.”

ಆ ಸಂಜೆ ನಾವು ತೋರಿಸಿದ ಚಿತ್ರದಲ್ಲಿಯೂ ಒಬ್ಬ ರೋಗಿ ತಂದೆ, ಒಬ್ಬ ಮಗ. ತಂದೆ ಸತ್ತ ಮೇಲೆ ಯಾರು ಏನು ಕೇಳಿದರೂ ಮಗನದು ಒಂದೇ ಉತ್ತರ, ನೆನಪಿಲ್ಲ. ಭಾಷ್ಯಕಾರರು ಅಂದು ಎಂದಿಗಿಂತ ಸೊಗಸಾಗಿ ಮಾತಾಡಿದರು. “ಇವನು ಸುಳ್ಳುಗಾರ ಅಲ್ಲ. ನಿಜವಾಗ್ಲೂ ಮರೆತಿದ್ದಾನೆ. ಮರೆವೇ ಇವನಿಗೆ ಸಿಕ್ಕ ಕ್ಷಮೆ” ಎಂದರು. ಸಭೆ ತಲೆದೂಗಿತು.

ಆಗ ಹೊಸದಾಗಿ ಸೇರಿದ್ದ ನರ್ಸೊಬ್ಬಳು ಎದ್ದಳು. “ಸಾರ್, ಮಧ್ಯದಲ್ಲಿ ಅಪ್ಪ ಕೈ ಎತ್ತಿ ಕರೀತಾರಲ್ಲ, ಇವನು ನೋಡಿಯೂ ಬಾಗಿಲು ಎಳ್ಕೊಂಡು ಹೋಗ್ತಾನಲ್ಲ, ಅದು?”

“ಅಂಥ ದೃಶ್ಯ ಈ ಚಿತ್ರದಲ್ಲಿ ಇಲ್ಲಮ್ಮಾ.”

ಜನ ಗೊಳ್ಳೆಂದು ನಕ್ಕರು. ಎಲ್ಲರೂ ಆಗತಾನೇ ಕಂಡ ದೃಶ್ಯವದು! ಇವರೋ ಪಟ್ಟು ಬಿಡಲೊಲ್ಲರು. “ಮೂರು ಸಲ ನೋಡಿದ್ದೀನ್ರೀ. ಇಲ್ಲ ಅಂದ್ರೆ ಇಲ್ಲ.” ಚಿತ್ರ ತೋರಿಸುವ ಯಂತ್ರ ನನ್ನ ಸುಪರ್ದಿನಲ್ಲಿತ್ತು; ದೀಪ ಆರಿಸಿ ಆ ಭಾಗವನ್ನು ಮತ್ತೆ ಹಾಕಿದೆ.

ಪರದೆಯ ಮೇಲೆ ಮಂಚ ಕಂಡಿತು, ಎಲುಬಿನಂಥ ಕೈಯೊಂದು ಮೇಲೆದ್ದಿತು, ಬಾಗಿಲು ಮುಚ್ಚಿಕೊಂಡಿತು. ಪಕ್ಕದಲ್ಲೇ ನಿಂತಿದ್ದ ಭಾಷ್ಯಕಾರರ ಮುಖ ಕಪ್ಪಿಟ್ಟಿತು. ಕೋಟಿನ ಮೇಲುಗುಂಡಿಯನ್ನು ತಡಕಾಡಿ ಬಿಚ್ಚಿದರು. ನಾನು ದೀಪ ಹಾಕಿದಾಗ ಅವರು ಪ್ರಶ್ನೆ ಕೇಳಿದವಳ ಕಡೆ ನೋಡಲಿಲ್ಲ, ತಂಗಿಯ ಕಡೆ ನೋಡಿದರು.

“ಅವತ್ತು ಸರದಿ ನಂದೇ ಕಣೇ” ಎಂದರು. “ಅಪ್ಪ ನೀರು ಕೇಳಿದ್ರು. ಮ್ಯಾಟಿನಿಗೆ ಹೊತ್ತಾಗಿತ್ತು. ಬಂದು ಕೊಡ್ತೀನಿ ಅಂತ ಹೋಗ್ಬಿಟ್ಟೆ.”

ತಂಗಿ ಅಳಲೂ ಇಲ್ಲ, ಬೈಯಲೂ ಇಲ್ಲ. “ನಂಗೆ ನೆನಪಿತ್ತು ಅಣ್ಣಾ” ಎಂದರು. “ಸರಿಯಾಗೇ ನೆನಪಿತ್ತು. ನಿನ್ನ ಮಾತು ನಂಬಿ ಅದನ್ನೇ ಸುಳ್ಳು ಮಾಡ್ಕೊಂಡೆ.” ಚೀಲ ತೆಗೆದುಕೊಂಡು ಒಬ್ಬರೇ ಹೊರಟುಹೋದರು.

ಭಾಷ್ಯಕಾರರು ಆಮೇಲೂ ಬರುತ್ತಿದ್ದರು, ಒಂಟಿಯಾಗಿ. ದೀಪ ಹೊತ್ತಿಕೊಂಡರೆ ಸುಮ್ಮನೆ ಕೂತಿರುತ್ತಿದ್ದರು. ಅವರ ಮೇಲೆ ನನಗೆ ಕನಿಕರ ಹುಟ್ಟಲು ತುಂಬ ಕಾಲ ಹಿಡಿಯಿತು. ಪರರ ಪಾಪದ ಒಳಸುಳಿಗಳನ್ನು ಎಳೆ ಎಳೆಯಾಗಿ ಬಿಡಿಸಬಲ್ಲ ಇಂಥ ವಾಗ್ಮಿಗಳನ್ನು ನಾನು ಬೇರೆಡೆಯೂ ಕಂಡಿದ್ದೇನೆ. ತಮ್ಮದನ್ನು ಅವರು ಬಚ್ಚಿಟ್ಟಿರುವುದಿಲ್ಲ, ನಿಜಕ್ಕೂ ಮರೆತಿರುತ್ತಾರೆ. ಆದರೆ ಅವರು ಮರೆತದ್ದು ಎಲ್ಲಿಗೂ ಹೋಗಿರುವುದಿಲ್ಲ. ಅದೇ ಮನೆಯಲ್ಲಿ, ಅವರಿಗೆ ದಿನವೂ ಊಟ ಬಡಿಸುವ ಯಾರೋ ಒಬ್ಬರು, ಅದು ತಮ್ಮದೆಂದೇ ತಿಳಿದು ಹೊತ್ತುಕೊಂಡಿರುತ್ತಾರೆ.